ಪೇಟಿ ನಿಲ್ಲಬಾರದು ಅಂದರು

ರೋಣದ ನಮ್ಮ ಕ್ರೈಸ್ತ ಸಭೆಯ ಬಾಗಿಲಲ್ಲಿ ಈಗಲೂ ಆ ಬುಟ್ಟಿ ಇದೆ. ಬಿದಿರಿನದು, ಅಂಚಿಗೆ ಹಸಿರು ಬಟ್ಟೆ ಹೊಲಿದದ್ದು. ಒಳಗೆ ಹೋಗುವವರು ಫೋನ್ ಬಂದ್ ಮಾಡಿ ಅದರಲ್ಲಿ ಹಾಕಿ ಹೋಗಬೇಕು. ಈ ವರ್ಷದ ಸುಗ್ಗಿ ಹಬ್ಬಕ್ಕೆ ಬಹಳ ದಿನಗಳ ಮೇಲೆ ನಾನು ಅಲ್ಲಿಗೆ ಹೋದೆ. ಮೊದಲು ಬುಟ್ಟಿ ಕಂಡಿತು, ಅದರ ಹಿಂದೆಯೇ ವಾಸನೆ ಬಂತು. ಹೊಸ ಉಳ್ಳಾಗಡ್ಡಿ, ಕಾಲು ಕಟ್ಟಿ ಮೂಲೆಯಲ್ಲಿ ಹಾಕಿದ ಕೋಳಿಗಳು, ಹೊರಗೆ ಒಲೆಯ ಮೇಲೆ ಕುದಿಯುವ ಗೋಧಿ ಹುಗ್ಗಿಯ ಬೆಲ್ಲ. ಬೇರೆಯವರಿಗೆ ಅದು ಹಬ್ಬದ ವಾಸನೆ. ನನಗೆ ಅದು ನನ್ನ ತಮ್ಮ ಪ್ರಕಾಶ ಸತ್ತ ದಿನದ ವಾಸನೆ. ಆ ದಿನ ಅವನು ಗದಗಿನ ದವಾಖಾನೆಯಲ್ಲಿ ಮಲಗಿ ನನ್ನನ್ನು ಕೇಳುತ್ತಿದ್ದ. ನಾನು ಬಸ್ಸಿನಲ್ಲಿ ಒಂದು ತಾಸಿನ ದಾರಿಯಾಚೆ, ಇದೇ ಸಭೆಯಲ್ಲಿ ಪೇಟಿ ಬಾರಿಸುತ್ತಿದ್ದೆ. ಗೊತ್ತಿದ್ದವರು ನನಗೆ ಹೇಳಲಿಲ್ಲ.

ಪೇಟಿ ಅಂದರೆ ಹಾರ್ಮೋನಿಯಂ. ನಮ್ಮ ಕಡೆ ಹಾಗೆಯೇ ಅನ್ನುತ್ತಾರೆ. ನಾನು ಬಾರಿಸುವುದು, ತಮ್ಮ ಹಾಡುವುದು, ಇದು ಚಿಕ್ಕಂದಿನಿಂದ ನಡೆದು ಬಂದದ್ದು. ಇದನ್ನು ಮಗಳ ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಬರೆಯುತ್ತಿದ್ದೇನೆ. ನಿಧಾನ ಆಗುತ್ತದೆ. ನಿಧಾನ ಆಗುವುದರಿಂದ ಸಿಟ್ಟು ಸ್ವಲ್ಪ ಕಡಿಮೆ ಆಗುತ್ತದೋ ಅಂತ ನೋಡುತ್ತಿದ್ದೇನೆ. ಇಲ್ಲಿಯವರೆಗೆ ಆಗಿಲ್ಲ.

ಮೊದಲು ಸಮುವೇಲ ಕಾಕಾನ ವಿಷಯ ಹೇಳಬೇಕು. ಅವರು ನಮ್ಮ ಸಭೆಯ ಹಿರಿಯರು. ರಕ್ತಸಂಬಂಧ ಇಲ್ಲ, ಊರ ರೂಢಿಯಂತೆ ಕಾಕಾ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಅರಳೆ ತುಂಬಿದ ಅಂಡಿಗೆ ಹೊರಲು ಹೋದವನು. ನನ್ನ ಲಗ್ನವಾದ ಮೇಲೆ ಒಂದು ದಿನ ಅವರು, "ಪೇಟಿ ಬಾರಸ್ತಿ, ಹಾಡಿನ ಅಕ್ಷರ ಓದಾಕ ಬರಂಗಿಲ್ಲ. ನಾಚಿಕಿ ಆಗಂಗಿಲ್ಲೇನಲೇ?" ಎಂದು ಬೈದು, ತಮ್ಮ ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಓದಿಸಿದರು. ನಾನು ಹತ್ತನೇ ಇಯತ್ತೆ ಪಾಸಾದಾಗ ನನ್ನ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಕಾಕಾ ಊರಿಗೆಲ್ಲ ಪೇಢೆ ಹಂಚಿದರು. ಈಗ ನರಗುಂದದ ಬೀಜದ ಅಂಗಡಿಯಲ್ಲಿ ನನಗೆ ಬರೆಯುವ ಕೆಲಸ ಇದೆ ಅಂದರೆ ಅದಕ್ಕೆ ಅವರೇ ಕಾರಣ. ಈ ಅಕ್ಷರಗಳೂ ಅವರು ಕೊಟ್ಟವೇ. ಆ ದಿನ ಮಾಡಿದ್ದನ್ನು ಕೆಟ್ಟ ಮನುಷ್ಯ ಮಾಡಿದ್ದರೆ ನಾನು ಇಷ್ಟು ಹೊತ್ತಿಗೆ ಮರೆಯುತ್ತಿದ್ದೆ.

ಪ್ರಕಾಶ ಸತ್ತ ವರ್ಷ, ಕೊರೋನಾದಿಂದ ನಿಂತಿದ್ದ ಹಬ್ಬ ಮತ್ತೆ ಶುರುವಾಗುವುದಿತ್ತು. ಮಳೆ ಬರಬೇಕಾದಾಗ ಬಂದಿತ್ತು, ನಿಲ್ಲಬೇಕಾದಾಗ ನಿಂತಿತ್ತು. ಇದು ನಮ್ಮ ಎರೆ ಭೂಮಿಯಲ್ಲಿ ಅಪರೂಪ. ಬೆಳವಣಕಿ ದಾರಿಯಲ್ಲಿ ಕಾಕಾನ ಹೊಲ. ಅಲ್ಲಿ ಕಿತ್ತ ಉಳ್ಳಾಗಡ್ಡಿ ಸಾಲಾಗಿ ಬಿದ್ದು, ದೂರದಿಂದ ನೋಡಿದರೆ ನೆಲಕ್ಕೇ ಕೆಂಪು ಬಣ್ಣ ಬಳಿದಂತೆ ಕಾಣುತ್ತಿತ್ತು. ಅವ್ವ ಹೆಂಗಸರ ಜೊತೆ ಕೂತು ಗಡ್ಡೆಯ ಸೊಪ್ಪು ಕತ್ತರಿಸುತ್ತಿದ್ದಳು. ಪ್ರಕಾಶ ಕಾಕಾನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಪೇಟೆಯಲ್ಲಿ ದರ ಚೆನ್ನಾಗಿತ್ತು. ಎಲ್ಲರ ಮುಖದಲ್ಲೂ ನಗು ಇತ್ತು, ಅದು ಸುಳ್ಳು ನಗುವಲ್ಲ.

ಅದೇ ವರ್ಷ ನಮಗೆ ಹೊಸ ಪಾಸ್ಟರ್ ಬಂದರು. ಬೇರೆ ಕಡೆಯವರು, ಸಣ್ಣ ವಯಸ್ಸು, ಪುಸ್ತಕದ ಕನ್ನಡ. ನಮ್ಮ ಸಭೆ ಸೇರುವುದು ಹಳೆಯ ಅರಳೆ ಗೋದಾಮಿನಲ್ಲಿ. ಅಲ್ಲಿ ನಿಂತು ಅವರು ಮೊದಲ ವಾರವೇ ಹೇಳಿದ ಮಾತು ನನಗೆ ಈಗಲೂ ನೆನಪಿದೆ.

"ಸಂತೋಷ ಬೇರೆ, ಆನಂದ ಬೇರೆ. ಬೆಳೆ ಬಂದರೆ ಸಂತೋಷ, ಹೋದರೆ ಅದೂ ಹೋಯಿತು. ಆನಂದ ಹಾಗಲ್ಲ. ಅದು ದೇವರು ಒಳಗೆ ಇಟ್ಟದ್ದು. ಅದಕ್ಕೆ ಹೊರಗಿನ ಬಿಸಿಲು ಮಳೆ ತಾಗುವುದಿಲ್ಲ."

ಇಷ್ಟು ಹೇಳಿ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮುಂದುವರಿಸಿದರು. "ಆದ್ದರಿಂದ ವಿಶ್ವಾಸಿಯ ಮುಖ ಬಾಡಬಾರದು. ಅಳು ಅವಿಶ್ವಾಸದ ಗುರುತು. ರೋಗ ಬಂದಾಗ ಹಾಡಿರಿ, ಕುಣಿಯಿರಿ. ಹಾಡು ನಿಂತಲ್ಲಿ ರೋಗ ಒಳಗೆ ಬರುತ್ತದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಪೇಟಿಯ ಮೇಲೆ ಒಂದು ಸಣ್ಣ ಸ್ವರ ಎಳೆದೆ. ಮನೆಗೆ ಹೋಗುವಾಗ ದಾರಿಯಲ್ಲಿ ಅವ್ವ ಅಂದಳು.

"ಮದಲಿನ ಮಾತು ಚಲೋ ಇತ್ತು. ಹಿಂದಿಂದು ಆ ಹುಡುಗಂದು."

"ಅಂದ್ರ ಹ್ಯಾಂಗಬೇ?"

"ಮದಲಿಂದು ದೇವರ ಮಾತು. ಹಿಂದಿಂದು ಅವಾ ತಾನ ಕೂಡ್ಸ್ಯಾನ."

ಪ್ರಕಾಶ ನಕ್ಕು ಅಂದ, "ಅಣ್ಣಾ, ಇನ್ನ ಹಲ್ಲು ನೋವು ಬಂದ್ರೂ ಹಲ್ಲು ತೋರಿಸ್ಕೊಂತನ ಕುಂದ್ರಬೇಕು ನೋಡ."

ಅಲ್ಲಿಂದ ಸಭೆಯ ರೀತಿ ಬದಲಾಯಿತು. ನಿಧಾನದ ಹಾಡುಗಳು ಹೋಗಿ ಚಪ್ಪಾಳೆಯ ಹಾಡುಗಳು ಬಂದವು. ಆರಾಧನೆಯ ನಡುವೆ ಫೋನಿನ ಸಿನಿಮಾ ಹಾಡು ಬಡಿದುಕೊಳ್ಳುತ್ತದೆ ಅಂತ ಬಾಗಿಲಲ್ಲಿ ಬುಟ್ಟಿ ಬಂತು. ಅಡುಗೆಯವರು, ಗಾಡಿಯವರು ಕೇಳುತ್ತಾರೆ ಅಂತ ಕಾಕಾ ಒಬ್ಬರೇ ಫೋನ್ ಇಟ್ಟುಕೊಳ್ಳಬಹುದಿತ್ತು. ನನಗೆ ಈ ಬದಲಾವಣೆ ಬೇಸರ ಆಗಲಿಲ್ಲ. ಪೇಟಿಗೆ ಕೆಲಸ ಹೆಚ್ಚಾಯಿತು, ನನ್ನ ಹೆಸರೂ ಹೆಚ್ಚಾಯಿತು. ಶಿರೋಳದಿಂದ, ಚಿಕ್ಕನರಗುಂದದಿಂದ ಜನ ಬಂದು, "ಪೇಟಿ ದೇವಣ್ಣ ಯಾರ್ರಿ?" ಅಂತ ಕೇಳುವವರು.

ಹಬ್ಬಕ್ಕೆ ಇನ್ನೂ ದಿನಗಳಿರುವಾಗ ಪೇಟಿಯ ಒಂದು ಸ್ವರ ಕೂತುಬಿಟ್ಟಿತು. ಒತ್ತಿದರೆ ಬರೀ ಗಾಳಿ. ಗಜೇಂದ್ರಗಡದಲ್ಲಿ ರಿಪೇರಿ ಮಾಡುವವರಿದ್ದರು. ಅಣ್ಣತಮ್ಮ ಇಬ್ಬರೂ ಮೋಟಾರ್ ಸೈಕಲ್ ಮೇಲೆ ನಡುವೆ ಪೇಟಿ ಇಟ್ಟುಕೊಂಡು ಹೋದೆವು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಪಂಖಗಳು ತಿರುಗುತ್ತಿದ್ದವು. ಪ್ರಕಾಶ ಗಾಡಿ ಹೊಡೆಯುತ್ತ ಅಷ್ಟೂ ದಾರಿ ಹಾಡಿದ. ಹಬ್ಬಕ್ಕೆ ಹಾಡುವ ಹೊಸ ಹಾಡಲ್ಲ, ಅವ್ವನ ಹಳೆಯ ಹಾಡು. ಅವ್ವ ತನ್ನ ತಾಯಿಯಿಂದ ಕಲಿತದ್ದು, ಕಳೆ ಕೀಳುವಾಗ ಹಾಡುವುದು. ಬಹಳ ನಿಧಾನ. ಹಾಡಿನ ಒಂದು ಸಾಲು ಮುಗಿಯುವುದರಲ್ಲಿ ಕೈ ಬೆಳೆಯ ಅರ್ಧ ಸಾಲು ಕಳೆ ಕೀಳುತ್ತದೆ.

"ಯಾಕೋ ಪಕ್ಯಾ, ಈ ಮುದುಕರ ಹಾಡು ಹಿಡದಿ?" ಅಂದೆ.

"ಆ ಚಪ್ಪಾಳಿ ಹಾಡು ಒಬ್ಬನ ಹಾಡಿದ್ರ ಹುಚ್ಚ ಅಂತಾರ. ಇದನ್ನ ಒಬ್ಬನೂ ಹಾಡಬೋದು."

ಅವನು ತಮಾಷೆಗೆ ಹೇಳಿದ. ನಾನೂ ತಮಾಷೆ ಅಂತಲೇ ತೆಗೆದುಕೊಂಡೆ.

ಆ ವಾರವೇ ಅವನಿಗೆ ಜ್ವರ ಬಂತು. ಮೊದಲು ರೋಣದಲ್ಲೇ ತೋರಿಸಿದೆವು. ಡೆಂಗಿ ಅಂದರು, ರಕ್ತ ಪರೀಕ್ಷೆ ನೋಡಿ ಗದಗಿಗೆ ಒಯ್ಯಿರಿ ಅಂದರು. ಒಯ್ದೆವು. ಅವ್ವ ಅಲ್ಲೇ ಉಳಿದಳು, ನಾನೂ ಉಳಿದೆ. ಹಬ್ಬದ ಹಿಂದಿನ ದಿನ ಅವನಿಗೆ ಸ್ವಲ್ಪ ಹಗುರಾಯಿತು. ಎದ್ದು ಕೂತು ಗಂಜಿ ಕುಡಿದ. ನೋಡಿಕೊಳ್ಳುತ್ತೇವೆ, ಗಾಬರಿ ಬೇಡ ಅಂತ ಡಾಕ್ಟರೂ ಅಂದರು. ಆಗ ಅವನೇ ನನ್ನನ್ನು ಹೊರಡಿಸಿದ.

"ನೀ ಹಬ್ಬಕ್ಕ ಹೋಗು."

"ನೀ ಇಲ್ಲದ ಏನ್ ಹಬ್ಬಲೇ?"

"ನಾ ಇಲ್ಲಂದ್ರ ಹಾಡ ಅಷ್ಟ ಕೆಡತೈತಿ. ನೀನೂ ಇಲ್ಲಂದ್ರ ಪೂರಾ ಹಬ್ಬ ಕೆಡತೈತಿ. ಹುಗ್ಗಿ ಉಳದ್ರ ಡಬ್ಬ್ಯಾಗ ತುಂಬ್ಕೊಂಡು ಬಾ. ಇಲ್ಲಿ ಗಂಜಿ ಕುಡದು ಕುಡದು ನಾಲಿಗಿ ಸತ್ತೈತಿ."

ಅವ್ವನಿಗೆ ಹೇಳಿದೆ, ಸಭೆಯಲ್ಲಿ ನನ್ನ ಫೋನ್ ಬುಟ್ಟಿಯಲ್ಲಿರುತ್ತದೆ, ಏನಾದರೂ ಇದ್ದರೆ ಕಾಕಾನ ಫೋನಿಗೆ ಹಚ್ಚು ಅಂತ. ಅವ್ವ ಹೂಂ ಅಂದಳು. ಕಾಕಾ ಇದ್ದಾರೆ ಅನ್ನುವುದು ನಮ್ಮಿಬ್ಬರಿಗೂ ಸಾಕಾಗಿತ್ತು.

ಸುಗ್ಗಿ ಹಬ್ಬ ನೋಡದವರಿಗೆ ಒಂದು ಮಾತು. ಅಂದು ಜನ ತಮ್ಮ ಹೊಲದ್ದು, ಹಿತ್ತಲದ್ದು, ಮನೆಯದ್ದು ಮೊದಲ ಫಲ ತಂದು ಮುಂದೆ ಇಡುತ್ತಾರೆ. ಜೋಳ, ಉಳ್ಳಾಗಡ್ಡಿ, ಕುಂಬಳಕಾಯಿ, ತತ್ತಿ, ಕೋಳಿ, ಏನಿದ್ದರೆ ಅದು. ಪ್ರಾರ್ಥನೆ ಆದ ಮೇಲೆ ಅದನ್ನೆಲ್ಲ ಲಿಲಾವು, ಅಂದರೆ ಹರಾಜು, ಕೂಗುತ್ತಾರೆ. ಬಂದದ್ದು ಸಭೆಗೆ. ನಮ್ಮಲ್ಲಿ ಒಂದು ರೂಢಿ, ಒಂದೊಂದು ಲಿಲಾವು ಮುಗಿದಾಗ ಪೇಟಿಯವನು ಒಂದು ಸಣ್ಣ ಖುಷಿಯ ಧಾಟಿ ಬಾರಿಸಬೇಕು. ಆಗ ಎಲ್ಲರೂ ಹೋ ಅನ್ನುತ್ತಾರೆ. ಪೇಟಿ ಇಲ್ಲದೆ ಲಿಲಾವು ಸಪ್ಪೆ.

ಅಂದು ಗೋದಾಮು ತುಂಬಿತ್ತು. ಸುತ್ತಲಿನ ಹಳ್ಳಿಗಳಿಂದ ಜನ ಬಂದಿದ್ದರು. ಆರಾಧನೆ ಶುರುವಾಗಿ ಸ್ವಲ್ಪ ಹೊತ್ತಿಗೆ ಕಾಕಾ ಫೋನ್ ಕಿವಿಗೆ ಹಚ್ಚಿಕೊಂಡು ಹೊರಗೆ ಹೋದದ್ದನ್ನು ನಾನು ನೋಡಿದೆ. ಬಂದು ಪಾಸ್ಟರನ್ನು ಹಿಂದಿನ ಕೋಣೆಗೆ ಕರೆದೊಯ್ದರು. ಇಬ್ಬರೂ ಮರಳಿ ಬಂದಾಗ ಪಾಸ್ಟರು ಕೈ ಎತ್ತಿ ಹೇಳಿದರು.

"ನಮ್ಮ ಸಹೋದರ ಪ್ರಕಾಶ ಸ್ವಸ್ಥನಾಗುತ್ತಿದ್ದಾನೆ. ನಂಬಿರಿ. ಅವನಿಗಾಗಿ ಆನಂದದಿಂದ ಹಾಡೋಣ. ದೇವಣ್ಣ, ಪೇಟಿ ನಿಲ್ಲಬಾರದು."

ನಾನು ನಿಲ್ಲಿಸಲಿಲ್ಲ. ಅವರು ನನ್ನ ತಮ್ಮನ ಹೆಸರು ಹೇಳಿದ್ದಕ್ಕೆ ನನಗೆ ಹೆಮ್ಮೆ ಅನಿಸಿತು. ಜನ ಎದ್ದು ನಿಂತು ಹಾಡಿದರು, ತಗಡಿನ ಚಾವಣಿ ಗುಂಯ್ ಅನ್ನುತ್ತಿತ್ತು. ಒಂದು ಮಾತು ಖರೆ ಹೇಳುತ್ತೇನೆ. ಆ ಹೊತ್ತು ನಾನು ಬಹಳ ಸಂತೋಷವಾಗಿದ್ದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಎಂದೂ ಬಾರಿಸಿರಲಿಲ್ಲ. ಬೆರಳು ತಾವೇ ಓಡುತ್ತಿದ್ದವು. ಈಗ ಸಂತೋಷ ಅಂದಕೂಡಲೇ ನನಗೆ ಆ ಗಳಿಗೆಯೇ ನೆನಪಾಗುತ್ತದೆ, ಮೈ ಉರಿಯುತ್ತದೆ. ತಿಳಿಯದೆ ಇದ್ದದ್ದರಿಂದ ಬಂದ ಸಂತೋಷ ಅದು. ತಿಳಿದಿದ್ದರೆ ಒಂದು ಸ್ವರದಷ್ಟು ಹೊತ್ತೂ ಅದು ಉಳಿಯುತ್ತಿರಲಿಲ್ಲ.

ಆಮೇಲೆ ಲಿಲಾವು. ಕಾಕಾನೇ ಕೂಗುತ್ತಿದ್ದರು. ಒಂದು ದೊಡ್ಡ ಕುಂಬಳಕಾಯಿಗೆ ಬೀಗರಿಬ್ಬರು ಹಟಕ್ಕೆ ಬಿದ್ದರು.

"ಬೀಗರ, ಅದನ್ನ ನನಗ ಬಿಡ್ರಿ. ನಿಮ್ಮ ಮನ್ಯಾಗ ಇಟ್ರ ನಿಮಗ ಕುಂದ್ರಾಕ ಜಾಗಾ ಉಳ್ಯಂಗಿಲ್ಲ."

"ನಿಮ್ಮ ಮನ್ಯಾಗ ಇಟ್ರ ಯಾವುದು ಕುಂಬಳಕಾಯಿ, ಯಾವುದು ಬೀಗರು ಅಂತ ಮಂದಿಗಿ ತಿಳ್ಯಂಗಿಲ್ಲ."

ಜನ ಬಿದ್ದು ಬಿದ್ದು ನಕ್ಕರು. ನಾನು ಧಾಟಿ ಬಾರಿಸಿದೆ. ಹೋ ಅಂದರು. ನಡುವೆ ಮತ್ತೊಮ್ಮೆ ಕಾಕಾನ ಫೋನ್ ಬಂತು. ಈ ಸಲ ಅವರು ಹೊರಗೆ ಹೋಗಿ ಬಂದವರು ಕೂಗಲಿಲ್ಲ, ಬೇರೆಯವರಿಗೆ ಕೂಗಲು ಹೇಳಿ ಗೋಡೆಗೆ ಆತು ನಿಂತರು. ಕೂಗಿ ಕೂಗಿ ದನಿ ಬಿದ್ದಿರಬೇಕು ಅಂದುಕೊಂಡೆ.

ಊಟದ ಪಂಕ್ತಿ ಶುರುವಾದಾಗಲೂ ನಾನು ಬಾರಿಸುತ್ತಲೇ ಇದ್ದೆ. ಆಗ ಬಾಗಿಲಲ್ಲಿ ಮೌಲಾ ಚಾಚಾ ಕಂಡರು. ನಮ್ಮ ಓಣಿಯವರು, ಹಾಸಿಗೆಯ ಗಾದಿಗೆ ಅರಳೆ ತುಂಬುವ ಕೆಲಸ. ಹಬ್ಬಕ್ಕೆ ಬಂದ ಅತಿಥಿ ಅಂತ ಬಾಗಿಲು ಕಾಯುವವರು ಅವರನ್ನು ಹಿಡಿದು ಕೂರಿಸಿ ಹುಗ್ಗಿ ಬಡಿಸಿದರು. ಅವರು ತಾಟು ಮುಟ್ಟಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಕಡೆಗೆ ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಪೇಟಿಯ ಹತ್ತಿರ ಬಂದರು.

"ದೇವೂ, ನೀ ಇನ್ನಾ ಇಲ್ಲೇ ಕುಂತೀಯೇನಪಾ?"

"ಹಬ್ಬ ಅಲ್ರಿ ಚಾಚಾ. ಊಟ ಮಾಡ್ರಿ, ಹುಗ್ಗಿ ಚಲೋ ಆಗೈತಿ."

"ನಿಮ್ಮವ್ವ ಮುಂಜಾನಿಂದ ಇವರಿಗೆ ಫೋನ್ ಹಚ್ಯಾಳ. ನೀ ಬರ್ಲಿಲ್ಲಂತ ಈಗ ನನಗ ಹಚ್ಚಿದ್ಲು. ನಿನಗ್ಯಾರೂ ಹೇಳಿಲ್ಲೇನು?"

ನನ್ನ ಎಡಗೈ ಪೇಟಿಯ ಗಾಳಿ ಹಾಕುತ್ತಲೇ ಇತ್ತು. ಕಾಕಾನ ಕಡೆ ನೋಡಿದೆ. ಅವರು ಹತ್ತಿರ ಬಂದು ನನ್ನ ಭುಜ ಹಿಡಿದರು.

"ಬಾ, ಒಳಗ ಬಾ. ಪ್ರಾರ್ಥನಿ ಮಾಡೂಣು."

"ಪಕ್ಯಾ ಹ್ಯಾಂಗದಾನ್ರಿ ಕಾಕಾ?"

ಅವರು ಪಾಸ್ಟರ ಕಡೆ ನೋಡಿದರು. ಮೌಲಾ ಚಾಚಾ ನನ್ನ ಕೈ ಪೇಟಿಯಿಂದ ಬಿಡಿಸಿ, "ನಡೀ, ಟಂಟಂ ತಂದೀನಿ," ಅಂದರು.

ಆ ಮೂರು ಗಾಲಿಯ ಟಂಟಂನಲ್ಲಿ ಯಾರದೋ ಲಗ್ನದ ಮನೆಗೆ ಮುಟ್ಟಿಸಬೇಕಾದ ಹೊಸ ಗಾದಿ ಇತ್ತು, ಹೂವಿನ ಬಟ್ಟೆಯದು. ಇಳಿಸಲು ಪುರಸೊತ್ತಿಲ್ಲದೆ ಹಾಗೇ ಬಂದಿದ್ದರು. ದಾರಿಯಲ್ಲಿ ಅವರು ಒಂದೇ ಮಾತು ಅಂದರು. "ನೀ ಬಾರಸೂದು ನೋಡಿ, ಗೊತ್ತಿದ್ದೂ ಬಾರಸಾಕತ್ತಾನ, ಇವರ ದೇವರು ಇವರಿಗೆ ಹಂತಾ ಗಟ್ಟಿ ಎದಿ ಕೊಟ್ಟಾನ ಅಂದ್ಕೊಂಡೆ. ಅದಕ್ಕ ಸುಮ್ನ ಕುಂತಿದ್ದೆ ನೋಡಪಾ."

ದವಾಖಾನೆಯ ಪಡಸಾಲೆಯಲ್ಲಿ ಅವ್ವ ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಅಳಲಿಲ್ಲ, ಬೈಯಲೂ ಇಲ್ಲ.

"ಬಸ್ ಕೆಟ್ಟಿತ್ತೇನೋ ಯಪ್ಪಾ?" ಅಂದಳು.

ಮೊದಲು ನನಗೆ ಅರ್ಥ ಆಗಲಿಲ್ಲ. ಮುಂಜಾನೆ ಪ್ರಕಾಶನಿಗೆ ಮೇಲುಸಿರು ಹತ್ತಿದಾಗ ಅವ್ವ ಕಾಕಾನಿಗೆ ಫೋನ್ ಹಚ್ಚಿ, ದೇವೂನನ್ನು ಲಗೂ ಕಳಿಸಿರಿ ಅಂದಿದ್ದಾಳೆ. ಕಾಕಾ, ಕಳಿಸಿದೆವು ಅಂದಿದ್ದಾರೆ. ಪ್ರಕಾಶ ಕೇಳಿದಾಗಲೆಲ್ಲ ಅವ್ವ, "ಅಣ್ಣ ದಾರ್ಯಾಗ ಅದಾನ," ಅಂತ ಹೇಳಿದ್ದಾಳೆ. ಅರ್ಧ ದಿನ ನಾನು ಅವರಿಬ್ಬರ ಬಾಯಲ್ಲಿ ದಾರಿಯಲ್ಲಿದ್ದೆ. ಅವನು ಬಾಗಿಲ ಕಡೆ ಮುಖ ಮಾಡಿ ಸತ್ತ.

ಅವನನ್ನು ಅದೇ ಟಂಟಂನಲ್ಲಿ, ಅದೇ ಲಗ್ನದ ಗಾದಿಯ ಮೇಲೆ ಮಲಗಿಸಿ ರೋಣಕ್ಕೆ ತಂದೆವು. ಬೇಡ ಅಂದರೆ ಚಾಚಾ ಕೇಳಲಿಲ್ಲ. "ಗಾದಿ ಇನ್ನೊಂದು ತುಂಬತೀನಿ," ಅಂದರು.

ಮರುದಿನ ಮಣ್ಣಿಗೆ ಇಡೀ ಸಭೆ ಬಂತು. ಹಬ್ಬದಲ್ಲಿ ಉಳಿದ ಚೆಂಡು ಹೂವನ್ನೇ ಹಾರ ಮಾಡಿ ತಂದಿದ್ದರು. ಪಾಸ್ಟರು ಮಾತಾಡಿದರು. ಪ್ರಕಾಶ ನಿತ್ಯ ಆನಂದದಲ್ಲಿ ಸೇರಿದ್ದಾನೆ, ಆದ್ದರಿಂದ ನಾವೂ ಆನಂದದಿಂದ ಕಳಿಸೋಣ ಅಂತ ಹೇಳಿ ಚಪ್ಪಾಳೆಯ ಹಾಡು ಎತ್ತಿದರು. ಜನ ಕೈ ಎತ್ತಿದರು. ಆಗ ಅವ್ವ ಮುಂದೆ ಬಂದಳು.

"ಚಪ್ಪಾಳಿ ಬ್ಯಾಡ್ರಿ. ನನ್ನ ಮಗನ ಹಾಡು ನಾ ಹಾಡತೀನಿ."

ಅವ್ವ ಆ ಕಳೆ ಕೀಳುವ ಹಾಡು ಹಾಡಿದಳು. ಒಬ್ಬಳೇ. ದನಿ ಎರಡು ಕಡೆ ಒಡೆಯಿತು, ನಿಂತಳು, ನುಂಗಿಕೊಂಡಳು, ಬಿಟ್ಟಲ್ಲಿಂದ ಹಿಡಿದಳು. ಕಣ್ಣಲ್ಲಿ ನೀರು ಹರಿಯುತ್ತಿತ್ತು. ಆದರೆ ಹಾಡು ಅಳುವಿನ ಹಾಡಾಗಿರಲಿಲ್ಲ. ಅದನ್ನು ಹೇಗೆ ಹೇಳಬೇಕೋ ನನಗೆ ಬರುವುದಿಲ್ಲ. ಪೇಟಿ ತಂದು ಇಟ್ಟಿದ್ದರು. ನಾನು ಮುಟ್ಟಲಿಲ್ಲ.

ಕೆಲವು ದಿನ ಬಿಟ್ಟು ಕಾಕಾ ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಟೊಪ್ಪಿಗೆ ತಿರುವುತ್ತಿದ್ದರು.

"ವಿಶ್ವಾಸದಿಂದ ಮಾಡಿದ್ವೋ ದೇವೂ. ಹಾಡ ನಿಲ್ಲಸದಿದ್ರ ಅವಾ ಉಳೀತಾನ ಅಂತ ಪಾಸ್ಟರ್ ಅಂದ್ರು. ನನಗೂ ಹಂಗ ಅನಿಸ್ತು. ನೀ ಅಳಕೋಂತ ಎದ್ದು ಹೋಗಿದ್ರ ಅಷ್ಟೂ ಮಂದಿ ವಿಶ್ವಾಸ ಮುರೀತಿತ್ತು."

"ಎರಡನೇ ಫೋನ್ ಬಂದಾಗ, ಅವಾ ಸತ್ತ ಅಂತ ಗೊತ್ತಾದ ಮ್ಯಾಲ?"

"ಊಟ ಆಗ್ಲಿ ಅಂತ..." ಅಂದರು.

"ಸಾಲಿ ಕಲಿಸಿದ್ರಿ ಕಾಕಾ. ಅವತ್ತು ಒಂದು ಮಾತು ಹೇಳಿದ್ರ ಸಾಕಿತ್ತು."

ಅವರು ಎದ್ದು ಹೋದರು. ತಪ್ಪಾಯಿತು ಅಂತ ಅನ್ನಲಿಲ್ಲ. ಅಂದಿದ್ದರೆ ಅವರ ವಿಶ್ವಾಸವೂ ತಪ್ಪು ಅಂತ ಆಗುತ್ತಿತ್ತೇನೋ. ಪಾಸ್ಟರು ಮುಂದಿನ ವರ್ಷ ಬೇರೆ ಊರಿಗೆ ಹೋದರು. ನಾನು ಹೆಂಡತಿ ಮಗಳನ್ನು ಕರೆದುಕೊಂಡು ನರಗುಂದಕ್ಕೆ ಬಂದೆ. ಅಲ್ಲಿ ಯಾವ ಸಭೆಗೂ ಸರಿಯಾಗಿ ಹೋಗಲಿಲ್ಲ. ಹೋದರೂ ಹಿಂದೆ ಬಾಗಿಲ ಹತ್ತಿರ ಕೂತು, ಹಾಡು ಶುರುವಾದಾಗ ಎದ್ದು ಬರುತ್ತಿದ್ದೆ.

ಅವ್ವ ಬರಲಿಲ್ಲ. ರೋಣದಲ್ಲೇ ಉಳಿದಳು. ಅದೇ ಗೋದಾಮಿಗೆ, ಅದೇ ಜನರ ನಡುವೆ, ಪ್ರತಿ ವಾರ ಹೋದಳು. ಕಾಕಾನ ಹೊಲಕ್ಕೂ ಹೋದಳು. ಇದು ನನಗೆ ತಮ್ಮನ ಸಾವಿನಷ್ಟೇ ನೋವು ಕೊಟ್ಟಿತು. ಒಂದು ಬೇಸಿಗೆಯಲ್ಲಿ ಅವಳು ನರಗುಂದಕ್ಕೆ ಬಂದಾಗ, ನಮ್ಮ ಮನೆಯ ಹಿಂದೆ ಕೂತು ಶೇಂಗಾ ಸುಲಿಯುತ್ತಿದ್ದಳು. ಆ ಹಾಡು ಗುನುಗುತ್ತಿದ್ದಳು. ನಾನು ತಡೆದುಕೊಳ್ಳಲಾಗದೆ ಕೇಳಿದೆ.

"ಯವ್ವಾ, ಅವರನ್ನ ಕ್ಷಮಾ ಮಾಡಿಯೇನು?"

"ಇನ್ನಾ ಇಲ್ಲ."

"ಮತ್ತ ಅವರ ನಡುವ ಕುಂತು ಹ್ಯಾಂಗ ಹಾಡ್ತಿಬೇ?"

"ಕ್ಷಮಾ ಮಾಡಿದ ಮ್ಯಾಲ ಹಾಡಬೇಕಂತ ಯಾರಂದಾರ?"

ಶೇಂಗಾ ಸಿಪ್ಪೆಯನ್ನು ಗಾಳಿಗೆ ಊದಿ ಮತ್ತೆ ಅಂದಳು. "ಪಕ್ಯಾನ ಕಡೇ ಹೊತ್ತು ನಿನ್ನಿಂದ ಕಸಗೊಂಡ್ರು. ಕಸಗೊಂಡ್ರು ಅಂತ ನನ್ನ ಹಾಡೂ ಅವರ ಕೈಯಾಗ ಕೊಟ್ಟು ಬರ್ಲೇನು? ಅದು ಅವರದಲ್ಲ. ಅವರು ಕೊಟ್ಟದ್ದೂ ಅಲ್ಲ."

"ನಿನಗ ಸಿಟ್ಟು ಬರಂಗಿಲ್ಲೇನು?"

"ಬರತೈತಿ. ಸಿಟ್ಟು ಬಂದಾಗ ಸಿಟ್ಟು. ಅದು ಮ್ಯಾಲ. ಇದು ಕೆಳಗ ಐತಿ."

ನಾನು ಬಹಳ ಯೋಚನೆ ಮಾಡಿದ್ದೇನೆ. ಪಾಸ್ಟರು ಹೇಳಿದ ಮೊದಲ ಮಾತು ಸುಳ್ಳಲ್ಲ. ಸಂತೋಷ ಬೇರೆ, ಆನಂದ ಬೇರೆ. ಆದರೆ ಅದನ್ನು ಹೇಳಿದವರ ಕೈಯಲ್ಲಿ ಆನಂದ ಇರಲಿಲ್ಲ. ಅವರ ಹತ್ತಿರ ಇದ್ದದ್ದು ಸಂತೋಷ. ಒಂದು ಕೆಟ್ಟ ಸುದ್ದಿಗೆ ಒಡೆದುಹೋಗುತ್ತದೆ ಅಂತ ಅದನ್ನು ಅಷ್ಟು ಕಾಪಾಡಿದರು, ಸುದ್ದಿಯನ್ನು ಬಾಗಿಲಲ್ಲೇ ನಿಲ್ಲಿಸಿದರು. ಅವ್ವನಲ್ಲಿ ಇರುವುದಕ್ಕೆ ಯಾವ ಸುದ್ದಿಯನ್ನೂ ಮುಚ್ಚಿಡಬೇಕಾಗಿಲ್ಲ. ಎಲ್ಲ ತಿಳಿದ ಮೇಲೂ ಅದು ಇದೆ. ಅದು ನಗುವುದಿಲ್ಲ, ಚಪ್ಪಾಳೆ ತಟ್ಟುವುದಿಲ್ಲ, ಎಷ್ಟೋ ಸಲ ಅಳುತ್ತದೆ. ಇಷ್ಟು ನನಗೆ ಗೊತ್ತು. ನೀರು ಇರುವ ಬಾವಿ ಗೊತ್ತಿದ್ದು ಹಗ್ಗ ಇಲ್ಲದವನ ಹಾಗೆ ಗೊತ್ತು.

ಈ ವರ್ಷ ಅವ್ವನೇ ಫೋನ್ ಮಾಡಿದಳು. "ಸುಗ್ಗಿ ಹಬ್ಬಕ್ಕ ಬಾ. ಪೇಟಿ ನೀ ಬಾರಸು. ನನಗ ದನಿ ಇಳದೈತಿ. ಈಗ ಬಾರಸಾವಂಗ ನನ್ನ ಸ್ವರ ತಿಳ್ಯಂಗಿಲ್ಲ, ಮ್ಯಾಲ ಹಿಡಿತಾನ." ಬರುವುದಿಲ್ಲ ಅಂದೆ. "ಸರಿ," ಅಂದಳು. ಜೋರು ಮಾಡಲಿಲ್ಲ. ಅದಕ್ಕೇ ಹೋದೆ.

ಮೊದಲು ಹೇಳಿದೆನಲ್ಲ, ಬುಟ್ಟಿ, ವಾಸನೆ. ಕಾಕಾ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಕೋಲು, ಕಣ್ಣು ಮಂಜು. ನನ್ನ ಹೆಜ್ಜೆಯಲ್ಲೇ ಗುರುತು ಹಿಡಿದರೋ ಏನೋ, ಎದ್ದು ನಿಲ್ಲಲು ನೋಡಿದರು. ನಾನು ನಮಸ್ಕಾರ ಮಾಡಿದೆ. ನೇರ ಹೋಗಿ ಪೇಟಿಯ ಮುಂದೆ ಕೂತೆ. ಗಜೇಂದ್ರಗಡದಲ್ಲಿ ರಿಪೇರಿ ಮಾಡಿಸಿದ ಸ್ವರ ಇನ್ನೂ ಸರಿ ಇತ್ತು. ಜೇಬಿನಿಂದ ಫೋನ್ ತೆಗೆದೆ. ಬಂದ್ ಮಾಡಲಿಲ್ಲ. ದನಿ ಪೂರಾ ಏರಿಸಿ, ಪೇಟಿಯ ಮೇಲೆ, ನನ್ನ ಕಣ್ಣಿಗೆ ಕಾಣುವಂತೆ ಇಟ್ಟೆ.

ಬಾಗಿಲು ಕಾಯುವ ಹೆಣ್ಣುಮಗಳು ಬುಟ್ಟಿ ಹಿಡಿದುಕೊಂಡು ಹತ್ತಿರ ಬಂದಳು. "ಅಣ್ಣಾರ, ಫೋನ್ ಇದರಾಗ ಹಾಕ್ರಿ. ಎಲ್ಲಾರಿಗೂ ಹಂಗ ಐತ್ರಿ."

ಹಿಂದಿನಿಂದ ಕಾಕಾನ ದನಿ ಬಂತು. "ಇರ್ಲಿ ಬಿಡವಾ. ಅವಂದು ಅಲ್ಲೇ ಇರ್ಲಿ."

ಅಷ್ಟೇ ಅಂದರು. ನನಗೆ ಅವರಿಂದ ಸಿಕ್ಕದ್ದು ಅಷ್ಟು.

ಅವ್ವ ಎದ್ದು ನಿಂತಳು. ಸೆರಗು ಸರಿ ಮಾಡಿಕೊಂಡು ನನ್ನ ಕಡೆ ನೋಡಿದಳು. ನಾನು ಕೆಳಗಿನ ಸ್ವರ ಹಿಡಿದೆ, ಅವಳು ಹಾಡು ಎತ್ತಿದಳು. ಆ ಹಾಡಿಗೆ ಅಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಪ್ರಕಾಶ ಹಾಡುತ್ತಿದ್ದ ಮೇಲಿನ ದನಿಯ ಸಾಲಿನ ಜಾಗದಲ್ಲಿ ಪೇಟಿ ಒಂದೇ ಹೋಗಿ ಬಂತು. ಅವ್ವನ ಕಣ್ಣು ಮುಚ್ಚಿದ್ದವು, ಮುಖದಲ್ಲಿ ನಗು ಇರಲಿಲ್ಲ, ದುಃಖವೂ ಇರಲಿಲ್ಲ. ನಾನು ಒಂದು ಸ್ವರವೂ ತಪ್ಪದೆ ಬಾರಿಸಿದೆ. ಕಡೆಯವರೆಗೂ ನನ್ನ ಕಣ್ಣು ಫೋನಿನ ಮೇಲೆಯೇ ಇತ್ತು.